ಕಂದಾಯದ ಎರಡು ಕೊಳಗ

ಅಡಿಕೆ ತೋಟದ ಕೂಲಿ ಹೆಂಗಸಿನ ಒಂದಂಕಣದ ಮನೆಗೆ ಕಂದಾಯ ಉಂಟು. ಸಾವಿರಗಟ್ಟಲೆ ಶುಲ್ಕ ಎಣಿಸಿಕೊಳ್ಳುವ ಖಾಸಗಿ ಶಾಲೆಯ ಮೂರಂತಸ್ತಿನ ಕಟ್ಟಡಕ್ಕೆ ವಿನಾಯಿತಿ ಉಂಟು. ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವ ರಸ್ತೆಯಲ್ಲಿ ನಡೆದರೂ ಈ ಅನ್ಯಾಯ ಕಣ್ಣಿಗೆ ಬೀಳುತ್ತದೆ. ಅದನ್ನು ಅನ್ಯಾಯವೆಂದು ಕರೆಯುವ ಬಾಯಿ ಮಾತ್ರ ಕಾಣಿಸುವುದಿಲ್ಲ.

ಅವಳ ಕೈಯಲ್ಲಿರುವ ರಸೀದಿಯನ್ನು ಒಮ್ಮೆ ಬಿಡಿಸಿ ಓದಿ. ಮೊದಲ ಸಾಲಿನಲ್ಲಿ ಕಟ್ಟಡ ತೆರಿಗೆ. ಅದರ ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ತೆರಿಗೆಯ ಪ್ರತಿ ನೂರು ರೂಪಾಯಿಯ ಮೇಲೆ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3 ರೂಪಾಯಿ. ಅಂದರೆ ನಾಡಿನ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವುದಕ್ಕೂ ತನಗಿಂತ ಬಡವನಾದವನ ಗಂಜಿಗೂ ಅವಳು ಹಣ ಕೊಟ್ಟಿದ್ದಾಳೆ. ಎರಡು ವರ್ಷ ಬಾಕಿ ಉಳಿದರೆ ಬಿಲ್ ಕಲೆಕ್ಟರ್ ಬಾಗಿಲಿಗೆ ಬರುತ್ತಾನೆ. ಪಂಚಾಯಿತಿಗೆ ಯಾವುದೋ ದೃಢೀಕರಣ ಕೇಳಿಕೊಂಡು ಹೋದರೆ, "ಮೊದಲು ಬಾಕಿ ಕಟ್ಟಿ ಬಾರಮ್ಮ" ಎನ್ನುತ್ತಾರೆ.

ಇವಳು ಯಾರ ಮನೆಯ ಮಗಳು? ಲಿಂಗನಮಕ್ಕಿ ಅಣೆಕಟ್ಟೆ ಎದ್ದದ್ದು 1964ರಲ್ಲಿ. ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ದೇವಸ್ಥಾನ, ಶಾಲೆ ಎಲ್ಲವೂ ಶರಾವತಿಯ ಹಿನ್ನೀರಿಗೆ ಹೋದವು. ನಾಡಿಗೆಲ್ಲ ವಿದ್ಯುತ್ ಹರಿಯಿತು. ಹಾಗೆ ಮುಳುಗಡೆಯಾಗಿ ಎದ್ದು ಬಂದವರ ಮೊಮ್ಮಕ್ಕಳು, ಇವಳೂ ಅವರಲ್ಲೊಬ್ಬಳು, ಇವತ್ತಿಗೂ ಹಕ್ಕುಪತ್ರಕ್ಕೆ ತಾಲ್ಲೂಕು ಕಚೇರಿ ಅಲೆಯುತ್ತಿದ್ದಾರೆ. ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಿಕೊಡಿ ಎಂದು 94ಸಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದು ಕೂತವರಿದ್ದಾರೆ. ಹಕ್ಕು ಕೇಳಿದಾಗ ಅದು ಅರಣ್ಯ ಭೂಮಿ, ಕಂದಾಯ ವಸೂಲಿಗೆ ಬಂದಾಗ ಅದು ಮನೆ. ಕಂದಾಯ ಕಟ್ಟಿದ ಮಾತ್ರಕ್ಕೆ ಹಕ್ಕು ಬರುವುದಿಲ್ಲವೆಂದೂ ಅಧಿಕಾರಿಗಳೇ ಹೇಳುತ್ತಾರೆ. ನೆಲದ ಮೇಲೆ ಹಕ್ಕೇ ಇಲ್ಲದವಳಿಂದ ತೆರಿಗೆ ಕಿತ್ತುಕೊಳ್ಳುವ ಸರ್ಕಾರ, ನೆಲವೂ ಕಟ್ಟಡವೂ ಬಸ್ಸುಗಳೂ ಇರುವ ಸಂಸ್ಥೆಯ ಮುಂದೆ ಯಾಕೆ ಕೈಕಟ್ಟಿ ನಿಲ್ಲುತ್ತದೆ?

ಉತ್ತರ ಸ್ಥಳೀಯ ಸಂಸ್ಥೆಗಳ ಕಾಯ್ದೆಯಲ್ಲಿದೆ. ಗುಡಿ, ಮಸೀದಿ, ಚರ್ಚು, ಧರ್ಮಾಸ್ಪತ್ರೆ, ಸ್ಮಶಾನಗಳ ಸಾಲಿನಲ್ಲೇ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಯ ಕಟ್ಟಡವನ್ನೂ ಆಸ್ತಿ ತೆರಿಗೆಯಿಂದ ಹೊರಗಿಟ್ಟಿದ್ದಾರೆ. ಹೆಚ್ಚೆಂದರೆ ಸೇವಾ ಶುಲ್ಕವೆಂದು ಒಂದು ಸಣ್ಣ ಪಾಲು ಕೇಳಬಹುದು. ಆ ಪಟ್ಟಿ ಮಾಡಿದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಊರಿನವರು ಜಾಗ ಬಿಟ್ಟುಕೊಟ್ಟು, ಮರ ಹೊತ್ತು, ಹಂಚು ಹೊದಿಸಿ ಶಾಲೆ ಕಟ್ಟಿದ ಕಾಲ ಅದು. ಅಂಥ ಶಾಲೆಗೆ, ಅಂಗನವಾಡಿಗೆ, ವಾಚನಾಲಯಕ್ಕೆ, ಸಂಬಳಕ್ಕೇ ಒದ್ದಾಡುವ ಹಳ್ಳಿಯ ಅನುದಾನಿತ ಪ್ರೌಢಶಾಲೆಗೆ, 1949ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ಹುಟ್ಟಿದ ನೀನಾಸಂನಂಥ ರಂಗಸಂಸ್ಥೆಗೆ ವಿನಾಯಿತಿ ಇರಲೇಬೇಕು. ಅದರಲ್ಲಿ ಒಂದು ರೂಪಾಯಿ ಕಡಿಮೆಯಾದರೂ ನಾನು ಬೀದಿಗಿಳಿಯುತ್ತೇನೆ.

ಆದರೆ ಶಿಕ್ಷಣವನ್ನು ವ್ಯಾಪಾರ ಮಾಡಿಕೊಂಡವರಿಗೂ ಅದೇ ವಿನಾಯಿತಿಯೇ? ವಿದ್ಯಾದಾನ ಮಾಡುತ್ತಿದ್ದೇವೆ ಎನ್ನುತ್ತಾರೆ. ದಾನಕ್ಕೆ ಕಂತು ಯಾಕೆ? ಶುಲ್ಕ ಬಾಕಿಯೆಂದು ಮಗುವಿನ ಟಿ.ಸಿ. ತಡೆಹಿಡಿಯುವುದು ಯಾಕೆ? 1992ರಲ್ಲೇ ಚಿಲ್ಡ್ರನ್ ಬುಕ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಶಾಲೆಗಳಿಗೆ ಇದನ್ನೇ ಹೇಳಿತ್ತು: ಪಾಠ ಹೇಳಿದ ಮಾತ್ರಕ್ಕೆ ಅದು ಧರ್ಮಕಾರ್ಯವಾಗುವುದಿಲ್ಲ, ಶುಲ್ಕದಿಂದ ಲಾಭ ಮಾಡುವ ಶಾಲೆಗೆ ದತ್ತಿಯ ಹೆಸರಿನಲ್ಲಿ ಆಸ್ತಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಆಸ್ತಿಗೆ ಸಂವಿಧಾನದ 285ನೇ ವಿಧಿಯ ರಕ್ಷಣೆ ಇದ್ದರೂ ಅದು ಸ್ಥಳೀಯ ಸಂಸ್ಥೆಗೆ ಸೇವಾ ಶುಲ್ಕ ಕೊಡಬೇಕೆಂಬುದು 2009ರಲ್ಲಿ ಅದೇ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ದೇಶದ ಸರ್ಕಾರವೇ ಸ್ಥಳೀಯ ಸಂಸ್ಥೆಗೆ ಹಣ ಕೊಡಬೇಕಾದಾಗ ಶುಲ್ಕದಂಗಡಿಗೆ ವಿನಾಯಿತಿ ಯಾಕೆ?

ಇನ್ನೊಂದು ವಿಷಯ ನೆನೆದರೆ ಮೈ ಉರಿಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳು ನೂರಕ್ಕೆ 25 ಸೀಟುಗಳನ್ನು ಬಡ ಮಕ್ಕಳಿಗೆ ಬಿಡಬೇಕಿತ್ತು. ಕರ್ನಾಟಕ ಸರ್ಕಾರ ನಿಯಮ ತಿದ್ದಿ, 2019-20ನೇ ಸಾಲಿನಿಂದ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಬಿಡಬೇಕಾಗಿಲ್ಲ ಎಂದಿತು. ಸರ್ಕಾರಿ ಶಾಲೆ ಉಳಿಯಲಿ ಎಂಬುದು ಕೊಟ್ಟ ಕಾರಣ. ಮಲೆನಾಡಿನಲ್ಲಿ ಉಳಿದದ್ದೇನು? ಹಳದಿ ಬಸ್ಸು ಮಣ್ಣಿನ ರಸ್ತೆಯ ಕೊನೆಯ ಮನೆಯವರೆಗೂ ಬಂದು ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಇತ್ತ ಸರ್ಕಾರಿ ಶಾಲೆಯಲ್ಲಿ ಆಷಾಢದ ಮಳೆಗೆ ಹಂಚಿನ ಸಂದಿಯಿಂದ ನೀರಿಳಿದು, ಒಂದೇ ಕೋಣೆಯ ಒಣ ಮೂಲೆಯಲ್ಲಿ ಮೂರು ತರಗತಿಯ ಮಕ್ಕಳು ಒತ್ತಿಕೊಂಡು ಕೂರುತ್ತಾರೆ. ರಿಪೇರಿ ಕೇಳಿದರೆ ಅನುದಾನ ಇಲ್ಲ. ಮಕ್ಕಳು ಕಡಿಮೆಯಾದರೆ ಪಕ್ಕದ ಶಾಲೆಗೆ ಸೇರಿಸುವ ಮಾತು ಮಾತ್ರ ಕೂಡಲೇ ಹೊರಡುತ್ತದೆ. ಬಡ ಮಗುವಿನ ಸೀಟಿನ ಹೊಣೆ ಖಾಸಗಿ ಶಾಲೆಯ ಹೆಗಲಿನಿಂದ ಇಳಿಯಿತು, ತೆರಿಗೆಯ ವಿನಾಯಿತಿ ಮಾತ್ರ ಇಳಿಯಲಿಲ್ಲ.

ಎರಡು ಅಳತೆ ಈ ಮಣ್ಣಿಗೆ ಹೊಸದಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಸಿಡಿದೆದ್ದದ್ದು ಕೊಳಗಕ್ಕಾಗಿ. ಗೇಣಿ ಭತ್ತ ಅಳೆದುಕೊಳ್ಳುವ ಕೊಳಗವನ್ನೇ ಒಡೆಯರು ದೊಡ್ಡದು ಮಾಡಿಕೊಂಡಿದ್ದರು. ಎಚ್. ಗಣಪತಿಯಪ್ಪ ಜನರನ್ನು ಕಟ್ಟಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷವೇ, ಆ ಹೋರಾಟದಲ್ಲಿದ್ದ ತೀರ್ಥಹಳ್ಳಿ ಸೀಮೆಯ ಆರಗದ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಹೋದರು. ಆ ಗೇಣಿದಾರರ ಮಕ್ಕಳು, ಮೊಮ್ಮಕ್ಕಳಲ್ಲಿ ಕೆಲವರು ಇಂದು ಇದೇ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ಕುಳಿತಿದ್ದಾರೆ. ಅವರಿಗೆ ಕೊಳಗದ ಕಥೆ ಗೊತ್ತಿದೆ. ಗೊತ್ತಿದ್ದೂ ಸುಮ್ಮನಿದ್ದಾರೆ.

ವಿನಾಯಿತಿಯೆಂದರೆ ಆಕಾಶದಿಂದ ಉದುರುವ ಹಣವಲ್ಲ. ಹೊಸನಗರ, ತೀರ್ಥಹಳ್ಳಿಯಂಥ ಸಣ್ಣ ಊರಿನ ಪಟ್ಟಣ ಪಂಚಾಯಿತಿಗೆ ಬಿಟ್ಟುಹೋದ ಪ್ರತಿ ರೂಪಾಯಿ ಚರಂಡಿಗೆ, ಬೀದಿದೀಪಕ್ಕೆ, ಪೌರಕಾರ್ಮಿಕರ ಕೈಗವಸಿಗೆ ಬರಬೇಕಾಗಿದ್ದ ಹಣ. ಶಾಲೆಯ ಮುಂದಿನ ಕಸ ಎತ್ತುವವರೂ ಅದೇ ಪೌರಕಾರ್ಮಿಕರು.

ಮೂರೂ ತಾಲ್ಲೂಕುಗಳ ನಗರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳ ಮುಂದೆ ಇಡುತ್ತಿರುವ ಬೇಡಿಕೆ ಇದು: ಯಾವ ಕಟ್ಟಡಕ್ಕೆ ಎಷ್ಟು ತೆರಿಗೆ ಬಿಟ್ಟಿದ್ದೀರಿ ಎಂಬ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿ. ಆ ಸಂಸ್ಥೆ ಒಂದು ಮಗುವಿನಿಂದ ವರ್ಷಕ್ಕೆ ಎಷ್ಟು ವಸೂಲಿ ಮಾಡುತ್ತದೆ, ಎಷ್ಟು ಬಡ ಮಕ್ಕಳನ್ನು ಬಿಟ್ಟಿಯಾಗಿ ಓದಿಸುತ್ತದೆ ಎಂಬುದನ್ನು ಅದರ ಎದುರಿಗೇ ಬರೆಯಿರಿ. ಹಳ್ಳಿಗಳಲ್ಲಿ ಬರುವ ಗ್ರಾಮಸಭೆಯಲ್ಲೇ ಅದನ್ನು ಗಟ್ಟಿಯಾಗಿ ಓದಿ. ಓದದಿದ್ದರೆ ನಾವೇ ಮಾಹಿತಿ ಹಕ್ಕಿನಲ್ಲಿ ತೆಗೆಸಿ, ಸಾಗರದ ಸಂತೆಯಲ್ಲಿ ನಿಂತು ಓದುತ್ತೇವೆ.