ಕೈಕೆಲಸ ಅಂದ ಮಾತ್ರಕ್ಕೆ ಎಲ್ಲ ಮಾಫಿಯೇ?

ಸೆಮಿಸ್ಟರ್ ಮುಗಿದ ವಾರ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಪೋಕರ್ ಆಟ ನಡೆಯುವುದು ಗುಟ್ಟೇನಲ್ಲ. ದುಡ್ಡು ಕಟ್ಟಲಿ ಬಿಡಲಿ, ಚಿಪ್ ಮಾತ್ರ ಬೇಕೇ ಬೇಕು. ಆಟದ ರುಚಿ ಹತ್ತಿದವರು ಅಗ್ಗದ ಸೆಟ್ ಬಿಟ್ಟು, ಕೈಯಿಂದ ಮಾಡಿದ ಕ್ಲೇ ಚಿಪ್ ತರಿಸುತ್ತಾರೆ. ಡಬ್ಬಿ ಬಿಚ್ಚಿದ ಮೇಲೆ ತಕರಾರು ಶುರು: ಬಣ್ಣದಲ್ಲಿ ತುಸು ವ್ಯತ್ಯಾಸ, ನಡುವಿನ ಚಿತ್ರ ಒಂದು ಪಕ್ಕಕ್ಕೆ ಸರಿದಿದೆ. ಒಬ್ಬರು ‘ಮೋಸ, ವಾಪಸ್ ಕಳಿಸು’ ಅಂತಾರೆ. ಇನ್ನೊಬ್ಬರು ‘ಕೈಕೆಲಸ ಅಂದ್ರೆ ಹಾಗೇ ಬಿಡೋ’ ಅಂತಾರೆ. ನಮಗೆ ಇಬ್ಬರ ಮಾತೂ ಒಪ್ಪಿಗೆಯಿಲ್ಲ.

ಹೆಸರು ಕ್ಲೇ ಆದರೂ ಇದು ಕುಂಬಾರರ ಆವಿಗೆಯಲ್ಲಿ ಬೆಂದ ಮಣ್ಣಲ್ಲ. ಖನಿಜದ ಪುಡಿ, ಅಂಟು, ಬಣ್ಣ ಸೇರಿದ ಮಿಶ್ರಣ. ಅದರಿಂದ ಬಿಲ್ಲೆ ಕತ್ತರಿಸಿ, ಅಂಚಿನಲ್ಲಿ ಕಚ್ಚು ತೆಗೆದು, ಬೇರೆ ಬಣ್ಣದ ತುಣುಕುಗಳನ್ನು ಕೈಯಿಂದಲೇ ಕೂರಿಸುತ್ತಾರೆ. ಆಮೇಲೆ ಅಚ್ಚಿನಲ್ಲಿಟ್ಟು ಬಿಸಿ ಮಾಡಿ ಒತ್ತುತ್ತಾರೆ. ಒತ್ತಿದಾಗ ಮಿಶ್ರಣ ಸ್ವಲ್ಪ ಹರಿಯುತ್ತದೆ. ಹಾಗಾಗಿ ತುಣುಕಿನ ಗೆರೆ ಸ್ಕೇಲ್ ಇಟ್ಟು ಎಳೆದಂತೆ ಬರುವುದಿಲ್ಲ. ಒಂದು ಸಲ ಕಲಸಿದ ಕೆಂಪು ಮುಂದಿನ ಸಲದ ಕೆಂಪಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದುವುದು ಕಷ್ಟ. ಇವನ್ನು ದೋಷ ಅನ್ನುವುದು ಅನ್ಯಾಯ. ಎಲ್ಲವೂ ಒಂದೇ ಥರ ಬೇಕಿದ್ದರೆ, ಒಳಗೆ ಲೋಹದ ಬಿಲ್ಲೆಯಿಟ್ಟ 11.5 ಗ್ರಾಂನ ಪ್ಲಾಸ್ಟಿಕ್ ಚಿಪ್ ಇದ್ದೇ ಇದೆ. ತಮಾಷೆ ಏನಂದ್ರೆ, ಅದನ್ನೂ ಎಷ್ಟೋ ಕಡೆ ‘ಕ್ಲೇ’ ಅಂತಲೇ ಮಾರುತ್ತಾರೆ!

ಆದರೆ ಚಿಪ್‌ಗೆ ಒಂದು ಕೆಲಸವಿದೆ. ಕ್ಯಾಸಿನೊಗಳಲ್ಲಿ 20 ಚಿಪ್‌ಗಳ ಕಂಬ ಜೋಡಿಸಿ, ಪಕ್ಕದ ಕಂಬದ ಎತ್ತರಕ್ಕೆ ಹೋಲಿಸಿಯೇ ಲೆಕ್ಕ ಹಿಡಿಯುತ್ತಾರೆ. ಒಂದೊಂದು ಚಿಪ್ 0.1 ಮಿಲಿಮೀಟರ್ ದಪ್ಪವಾದರೂ 20ಕ್ಕೆ 2 ಮಿಲಿಮೀಟರ್ ಆಯಿತು. ಚಿಪ್‌ನ ದಪ್ಪವೇ ಮೂರು ಚಿಲ್ಲರೆ ಮಿಲಿಮೀಟರ್, ಲೆಕ್ಕ ತಪ್ಪದೇ ಇರುತ್ತದೆಯೇ? ಅಂಚಿನ ಬಣ್ಣದ ತುಣುಕುಗಳೂ ಬರೀ ಅಲಂಕಾರಕ್ಕಲ್ಲ. ಕಂಬದ ನಡುವೆ ಬೇರೆ ಬೆಲೆಯ ಚಿಪ್ ಸೇರಿಕೊಂಡರೆ ಪಕ್ಕದಿಂದಲೇ ಗೊತ್ತಾಗಲಿ ಅಂತ. ಸೊಟ್ಟಗಾಗಿ ಮೇಜಿನ ಮೇಲೆ ಬುಗುರಿಯಂತೆ ತಿರುಗುವ ಚಿಪ್, ದಪ್ಪ ತಪ್ಪಿದ ಚಿಪ್, ಐದೋ ಇಪ್ಪತ್ತೈದೋ ತಿಳಿಯದ ಚಿಪ್: ಇವಕ್ಕೆ ‘ಕೈಕೆಲಸ’ ಅನ್ನುವ ರಿಯಾಯಿತಿ ಸಲ್ಲದು.

ನಮ್ಮ ಮೈಸೂರಿನ ಗಂಜೀಫಾ ಎಲೆಗಳನ್ನೇ ನೋಡಿ. ಕೈಯಿಂದ ಬರೆದ ಆ ದುಂಡನೆಯ ಎಲೆಗಳಲ್ಲಿ ಕುಂಚದ ಒಂದು ಗೆರೆ ಇನ್ನೊಂದರಂತೆ ಇರಬೇಕಿಲ್ಲ. ಅದೇ ಅದರ ಚೆಂದ. ಆದರೆ ಬೆನ್ನು ಮಾತ್ರ ಎಲ್ಲಕ್ಕೂ ಒಂದೇ ಥರ ಇರಲೇಬೇಕು. ಒಂದು ಎಲೆಯ ಬೆನ್ನಿನಲ್ಲಿ ಗುರುತು ಉಳಿದರೆ ಎದುರಾಳಿಗೆ ಎಲೆ ಗೊತ್ತಾಗಿಬಿಡುತ್ತದೆ, ಆಟ ಕೆಟ್ಟಿತು. ಮುಖದಲ್ಲಿ ಕೈಗೆ ಸ್ವಾತಂತ್ರ್ಯ, ಬೆನ್ನಿನಲ್ಲಿ ಶಿಸ್ತು. ಚಿಪ್‌ಗೂ ಇದೇ ನ್ಯಾಯ ಸಾಕು: ಕಣ್ಣಿಗೆ ಕಾಣುವ ವ್ಯತ್ಯಾಸವನ್ನು ಸಹಿಸೋಣ, ಆಟ ಕೆಡಿಸುವ ವ್ಯತ್ಯಾಸವನ್ನು ಬೇಡ ಅನ್ನೋಣ.

ಸ್ಕಾಲರ್‌ಶಿಪ್‌ನಲ್ಲಿ ತಿಂಗಳು ದೂಡುವ ನಮಗೆ ಇದು ಸಣ್ಣ ಖರ್ಚಲ್ಲ. ಪೂರ್ತಿ ಸೆಟ್‌ಗೆ ದುಡ್ಡು ಕಟ್ಟುವ ಮೊದಲು ಸ್ಯಾಂಪಲ್ ತರಿಸಿ. ಕಂಬ ಜೋಡಿಸಿ ನೋಡಿ, ಒಂದೊಂದನ್ನೂ ಮೇಜಿನ ಮೇಲಿಟ್ಟು ತಿರುಗಿಸಿ ನೋಡಿ. ಎಷ್ಟು ವ್ಯತ್ಯಾಸ ಸಹಜ, ಎಷ್ಟಾದರೆ ಬದಲಿಸಿ ಕೊಡುತ್ತೀರಿ ಅಂತ ಮಾರುವವರನ್ನು ಮೊದಲೇ ಕೇಳಿ. ನೇರವಾಗಿ ಉತ್ತರ ಕೊಡುವವರ ಹತ್ತಿರ ಕೊಳ್ಳೋಣ. ಅಂಥವರ ಚಿಪ್‌ನಲ್ಲಿ ಗೆರೆಯೊಂದು ಕೊಂಚ ಓರೆಯಾದರೆ ಒಂದು ಸ್ಟಾರ್ ಕೊಟ್ಟು ಅವರ ಹೊಟ್ಟೆಯ ಮೇಲೆ ಹೊಡೆಯುವುದು ಬೇಡ.