ನೆಗಡಿಗೆ ಮೂಗು ಕೊಯ್ಯುವ ನೀತಿ

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಮಾತು ಹಳ್ಳಿಗಳಲ್ಲಿ ನಗೆಗೆ ಬಳಕೆಯಾಗುತ್ತದೆ. ಗಣಕಯಂತ್ರಗಳ ಲೋಕದಲ್ಲಿ ಅದು ವ್ಯಾಪಾರದ ನೀತಿಯೇ ಆಗಿಬಿಟ್ಟಿದೆ. ಹಗಲಿರುಳು ದುಡಿಯಲೆಂದು ಕಟ್ಟಿದ ಸರ್ವರ್ ಯಂತ್ರದಲ್ಲಿ ಬೇಗ ಸವೆಯುವ ಭಾಗಗಳು ಕೆಲವೇ: ತಿರುಗುವ ಹಾರ್ಡ್ ಡಿಸ್ಕ್, ಫ್ಯಾನು ಮತ್ತು ವಿದ್ಯುತ್ ಪೂರೈಸುವ ಪೆಟ್ಟಿಗೆ. ಇವೆಲ್ಲವೂ ಕಳಚಿ ಬದಲಿಸಲೆಂದೇ ರೂಪಿಸಿದ ಭಾಗಗಳು. ಹೀಗಿದ್ದರೂ ದೊಡ್ಡ ಕಚೇರಿಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳಲ್ಲಿ, ಖಾತರಿಯ ಅವಧಿ ಮುಗಿಯಿತೆಂಬ ಕಾರಣಕ್ಕೆ, ಇಡೀ ಯಂತ್ರವನ್ನೇ ಹೊರಗೆ ಹಾಕುತ್ತವೆ. ಅವುಗಳಲ್ಲಿ ಒಂದಿಷ್ಟು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಹಳೆಯ ಸಾಮಾನಿನ ಮಾರುಕಟ್ಟೆಗಳ ಮೂಲಕ ಮನೆಗಳನ್ನು ಸೇರಿ ಎರಡನೆಯ ಆಯುಷ್ಯ ಪಡೆಯುತ್ತವೆ. ಉಳಿದವುಗಳ ಪಾಲಿಗೆ ಗುಜರಿಯೇ ಗತಿ.

ಮಲೆನಾಡಿನ ಮನೆಗೋ ಶಾಲೆಗೋ ಸರ್ವರ್ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಕಾಗದಪತ್ರಗಳಲ್ಲಿದೆ.

ದಾಖಲೆ ಯಾರ ಕಣಜದಲ್ಲಿ?

2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಶರಾವತಿ ಕಣಿವೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ; ಮುಳುಗಡೆಯಾದ ಎಷ್ಟೋ ಕುಟುಂಬಗಳ ಭೂಮಿಯ ಪ್ರಶ್ನೆ ಆರು ದಶಕಗಳಾದರೂ ಇತ್ಯರ್ಥವಾಗಿಲ್ಲ. ಹಳೆಯ ಕಂದಾಯ ರಸೀದಿ, ಗ್ರಾಮಸಭೆಯ ನಿರ್ಣಯ, ಹಿರಿಯರ ಹೇಳಿಕೆಯ ಧ್ವನಿಮುದ್ರಣ ಇವೆಲ್ಲ ಇಲ್ಲಿ ಅನ್ನದಷ್ಟೇ ಮುಖ್ಯ. 2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯತಿಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಯೂ, ಮನೆಮನೆಗಳಲ್ಲಿ ಬರೆದಿಟ್ಟ ಮಳೆಯ ಲೆಕ್ಕವೂ, ನಾಟಿ ಭತ್ತದ ತಳಿಗಳ ಚಿತ್ರಗಳೂ ಇದೇ ಸಾಲಿಗೆ ಸೇರುತ್ತವೆ.

ಇಂದು ಇವುಗಳಲ್ಲಿ ಬಹುಪಾಲು ಇರುವುದು ಯಾರದೋ ಮೊಬೈಲಿನಲ್ಲಿ, ಇಲ್ಲವೇ ದೂರದ ಕಂಪನಿಯ ಉಗ್ರಾಣದಲ್ಲಿ. ಆ ಉಗ್ರಾಣದ ಷರತ್ತುಗಳನ್ನು ಬರೆಯುವವರು ಊರಿನವರಲ್ಲ. ಮಿತಿಯಿಲ್ಲದೆ ಉಚಿತವಾಗಿ ಚಿತ್ರಗಳನ್ನು ಇಟ್ಟುಕೊಳ್ಳುವ ಅವಕಾಶವನ್ನು ಗೂಗಲ್ ಕೊಟ್ಟಿತ್ತು. 2021ರ ಜೂನ್ 1ರಂದು ಹಿಂತೆಗೆದುಕೊಂಡಿತು. ‘ಕ್ಲೌಡ್’ ಎಂದರೆ ಮೋಡ. ಆದರೆ ಈ ಮೋಡದ ಕಾಲು ನೆಲದ ಮೇಲಿದೆ, ಬಾಯಿ ವಿದ್ಯುತ್ ತಂತಿಯಲ್ಲಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್. ಇದು ಜಗತ್ತಿನ ಒಟ್ಟು ಬಳಕೆಯ ಶೇ. 1.5ರಷ್ಟು.

ಬಿತ್ತನೆಯ ಭತ್ತವನ್ನೆಲ್ಲ ದೂರದ ಊರಿನ ಸಾಹುಕಾರನ ಕಣಜದಲ್ಲಿ ಇಟ್ಟು ನೆಮ್ಮದಿಯಿಂದ ಮಲಗುವ ರೈತನಿಲ್ಲ. ದಾಖಲೆಯ ವಿಷಯದಲ್ಲೂ ಒಂದು ಪ್ರತಿ ಊರಿನಲ್ಲೇ ಇರಬೇಕು. ಅದಕ್ಕೆ ಹಳೆಯ ಯಂತ್ರವೇ ಧಾರಾಳ ಸಾಕು.

ಭದ್ರತೆಯ ಹೆಸರಿನ ಪುಡಿ

ಹೀಗಿರುವಾಗ ದೊಡ್ಡ ದತ್ತಾಂಶ ಕೇಂದ್ರಗಳು ಮಾಡುವುದೇನು? ಕೆಲಸಕ್ಕೆ ಬರುವ ಡಿಸ್ಕ್‌ಗಳನ್ನೂ ಯಂತ್ರಕ್ಕೆ ಹಾಕಿ ಪುಡಿ ಮಾಡುವುದು ಅಲ್ಲಿನ ವ್ಯಾಪಕ ರೂಢಿ. ಮಾಹಿತಿ ಸೋರಿಹೋದೀತೆಂಬ ಭಯ ಇದಕ್ಕೆ ಕೊಡುವ ಕಾರಣ. ಈ ಭಯ ಪೊಳ್ಳಲ್ಲ, ಆದರೆ ಪರಿಹಾರ ಅತಿರೇಕದ್ದು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ 2014ರ ಮಾರ್ಗಸೂಚಿ ಡಿಸ್ಕ್ ಅಳಿಸಲು ಮೂರು ಹಂತಗಳನ್ನು ಹೇಳುತ್ತದೆ: ಸಾಮಾನ್ಯ ಅಳಿಸುವಿಕೆ, ಪ್ರಯೋಗಾಲಯದಲ್ಲೂ ಮರಳಿ ಪಡೆಯಲಾಗದಂಥ ಶುದ್ಧೀಕರಣ ಮತ್ತು ನಾಶ. ಮೊದಲೆರಡು ಹಂತಗಳನ್ನು ಸರಿಯಾಗಿ ಮಾಡಿದರೆ ಡಿಸ್ಕ್ ಮತ್ತೆ ಬಳಕೆಗೆ ಬರುತ್ತದೆ. ಮೂರನೆಯದನ್ನೇ ಮೊದಲು ಮಾಡುವುದು ಸೋಮಾರಿತನ. ಅದಕ್ಕೆ ಭದ್ರತೆಯ ಹೆಸರಿಟ್ಟರೆ ಅದು ಭದ್ರತೆಯಾಗುವುದಿಲ್ಲ.

ಪುಡಿಯಾಗಿ ಹೋಗುವುದು ಬರಿಯ ತಗಡಲ್ಲ. ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಓದುವ ತೋಳನ್ನು ಆಡಿಸುವುದು ನಿಯೋಡೈಮಿಯಂ ಎಂಬ ವಿರಳ ಧಾತು ಸೇರಿದ ಅಯಸ್ಕಾಂತ. ಅದಿರಿನಿಂದ ಅದನ್ನು ಬೇರ್ಪಡಿಸಲು ಬೆಟ್ಟ ಅಗೆಯಬೇಕು, ಆಮ್ಲ ಸುರಿಯಬೇಕು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಸಿದ ದಾಖಲೆಯಿರುವುದು ಅದರಲ್ಲಿ ಶೇ. 22.3ಕ್ಕೆ ಮಾತ್ರ. ವಿರಳ ಧಾತುಗಳ ಬೇಡಿಕೆಯಲ್ಲಿ ಈ ಕಸದಿಂದ ಪೂರೈಕೆಯಾಗುವುದು ಶೇ. 1ರಷ್ಟು.

ಭಾರತದ ಕಾನೂನು ಈ ವಿಷಯದಲ್ಲಿ ಏನು ಎಣಿಸಿತೆಂಬುದನ್ನು ನೋಡಬೇಕು. 2022ರಲ್ಲಿ ಹೊರಬಂದು 2023ರ ಏಪ್ರಿಲ್ 1ರಂದು ಜಾರಿಯಾದ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ತಯಾರಕರ ಹೊಣೆಯನ್ನು ಪ್ರಮಾಣಪತ್ರಗಳ ಮೂಲಕ ಅಳೆಯುವ ವ್ಯವಸ್ಥೆ ಮಾಡಿದವು. ಆ ಲೆಕ್ಕಕ್ಕೆ ಆರಿಸಿಕೊಂಡ ಲೋಹಗಳು ನಾಲ್ಕು: ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಡಿಸ್ಕಿನ ಅಯಸ್ಕಾಂತ ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಯಂತ್ರವನ್ನು ಒಡೆದು ಲೋಹ ತೆಗೆದವನಿಗೆ ಪೂರ್ಣ ಪ್ರಮಾಣಪತ್ರ ದೊರೆಯಿತು; ನವೀಕರಿಸಿ ಬಾಳಿಕೆ ಹೆಚ್ಚಿಸಿದ್ದಕ್ಕೆ ದೊರೆತದ್ದು ಹೊಣೆಯ ಮುಂದೂಡಿಕೆ ಮಾತ್ರ. ಮರ ಉಳಿಸಿದವನಿಗಿಂತ ಸೌದೆ ಒಡೆದವನಿಗೆ ಹೆಚ್ಚು ಅಂಕ ಕೊಡುವ ಲೆಕ್ಕವಿದು.

ಬೀಗ ಹಾಕುವ ವ್ಯಾಪಾರ

ಹಳೆಯ ಯಂತ್ರ ಮನೆಗೆ ಬಂದ ಮೇಲೂ ಕಾಟ ತಪ್ಪುವುದಿಲ್ಲ. ಸತ್ತ ಡಿಸ್ಕಿನ ಜಾಗಕ್ಕೆ ಯಾವ ಡಿಸ್ಕ್ ಹಾಕಬೇಕೆಂಬುದನ್ನು ಯಂತ್ರದ ಒಡೆಯ ನಿರ್ಧರಿಸಬೇಕೇ, ಮಾರಿದ ಕಂಪನಿಯೇ? ತೈವಾನಿನ ಸಿನಾಲಜಿ ಕಂಪನಿ 2025ರ ಏಪ್ರಿಲ್‌ನಲ್ಲಿ, ಆ ವರ್ಷದ ತನ್ನ ‘ಪ್ಲಸ್’ ಸಾಲಿನ ಸಂಗ್ರಹ ಯಂತ್ರಗಳಿಗೆ ತಾನು ಒಪ್ಪಿದ ಡಿಸ್ಕ್‌ಗಳನ್ನೇ ಹಾಕಬೇಕೆಂಬ ನಿರ್ಬಂಧವನ್ನು ಪ್ರಕಟಿಸಿತು. ಬಳಕೆದಾರರು ಗಟ್ಟಿಯಾಗಿ ವಿರೋಧಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೇರೆ ಕಂಪನಿಗಳ ಹಾರ್ಡ್ ಡಿಸ್ಕ್‌ಗಳಿಗೆ ಹಾಕಿದ್ದ ಬೀಗವನ್ನು ಅದು ತೆಗೆಯಬೇಕಾಯಿತು. ಪ್ರತಿಭಟನೆಗೆ ಫಲವಿಲ್ಲವೆಂದು ಕೈಕಟ್ಟಿ ಕೂರುವವರಿಗೆ ಇದೊಂದು ಉತ್ತರ.

ಮುಚ್ಚಿಟ್ಟು ಮಾರುವುದು ಇನ್ನೊಂದು ಬಗೆ. ಹೆಂಚು ಹೊದಿಸಿದಂತೆ ಒಂದು ಪಟ್ಟಿಯ ಅಂಚಿನ ಮೇಲೆ ಮತ್ತೊಂದು ಪಟ್ಟಿಯನ್ನು ಬರೆಯುವ ಡಿಸ್ಕ್‌ಗಳಿವೆ. ‘ಎಸ್‌ಎಂಆರ್’ ಎಂಬುದು ಅವುಗಳ ಹೆಸರು. ನಡುವಿನ ಒಂದು ಹೆಂಚು ಬದಲಿಸಲು ಸುತ್ತಲಿನವನ್ನೂ ಎತ್ತಬೇಕಾಗುವಂತೆ, ಇಲ್ಲಿ ತಿದ್ದಿ ಬರೆಯುವ ಕೆಲಸ ಬಹಳ ನಿಧಾನ. ಸತ್ತ ಡಿಸ್ಕಿನ ಬದಲಿಗೆ ಹಾಕಿ ಮಾಹಿತಿಯನ್ನು ಮರುತುಂಬಿಸುವಾಗ ಇವು ಕೈಕೊಡಬಹುದು. ಮನೆಯ ಸರ್ವರ್‌ಗಳಿಗೆಂದೇ ಮಾರುತ್ತಿದ್ದ ಕೆಲವು ಡಿಸ್ಕ್‌ಗಳು ಈ ಬಗೆಯವೆಂದು ವೆಸ್ಟರ್ನ್ ಡಿಜಿಟಲ್ ಕಂಪನಿ ಒಪ್ಪಿಕೊಂಡದ್ದು 2020ರಲ್ಲಿ, ಬಳಕೆದಾರರು ಕಂಡುಹಿಡಿದ ಮೇಲೆ. 2025ರ ಆರಂಭದಲ್ಲಿ, ಸಾವಿರಾರು ಗಂಟೆ ದುಡಿದ ಸೀಗೇಟ್ ಡಿಸ್ಕ್‌ಗಳನ್ನು ಯುರೋಪಿನ ಅಂಗಡಿಗಳಲ್ಲಿ ಹೊಸವೆಂದು ಮಾರಿದ ಮೋಸ ಬಯಲಾಯಿತು. ಗಂಟೆಗಳ ಎಣಿಕೆಯನ್ನು ಯಾರೋ ಅಳಿಸಿದ್ದರು. ಡಿಸ್ಕಿನೊಳಗಿನ ಇನ್ನೊಂದು ದಾಖಲೆ ನಿಜ ಹೇಳಿತು. ಹಳೆಯದನ್ನು ಹಳೆಯದೆಂದು ಹೇಳಿ ಮಾರುವುದು ಗೌರವದ ವ್ಯಾಪಾರ. ಅದಕ್ಕೆ ಹೊಸದರ ಬಟ್ಟೆ ತೊಡಿಸಿದರೆ ಮರುಬಳಕೆಯ ಹೆಸರೇ ಕೆಡುತ್ತದೆ.

ಹಳೆಯ ಯಂತ್ರದ ಹಸಿವು

ಇಷ್ಟು ಹೇಳಿದ ಮೇಲೆ ಮರುಬಳಕೆಯ ಉತ್ಸಾಹಿಗಳಿಗೂ ಒಂದು ಕಟುಮಾತು ಸಲ್ಲಬೇಕು. ಸುಮ್ಮನೆ ಉರಿಯುವಾಗಲೂ 120 ವಾಟ್ ಎಳೆಯುವ ಹಳೆಯ ಸರ್ವರ್ ದಿನಕ್ಕೆ 2.88 ಯೂನಿಟ್, ತಿಂಗಳಿಗೆ ಸುಮಾರು 86 ಯೂನಿಟ್, ವರ್ಷಕ್ಕೆ 1,051 ಯೂನಿಟ್ ನುಂಗುತ್ತದೆ. ನಾಲ್ಕು ಸಿನಿಮಾ ಇಡಲು ಇಂಥ ಯಂತ್ರ ಉರಿಸುವುದು ಪರಿಸರಸೇವೆಯಲ್ಲ. ಕಚೇರಿಯಿಂದ ಬಂದ ಸಣ್ಣ ಗಣಕವೋ ಹಳೆಯ ಲ್ಯಾಪ್‌ಟಾಪೋ ಎರಡು ಡಿಸ್ಕ್‌ಗಳೊಂದಿಗೆ 30 ವಾಟ್‌ನಲ್ಲಿ ಅದೇ ಕೆಲಸ ಮಾಡಿದರೆ ತಿಂಗಳ ಖರ್ಚು 22 ಯೂನಿಟ್‌ನೊಳಗೆ ನಿಲ್ಲುತ್ತದೆ. ದೊಡ್ಡ ಯಂತ್ರವೇ ಬೇಕಾದಲ್ಲಿ ಎರಡು ಪ್ರೊಸೆಸರ್‌ಗಳಲ್ಲಿ ಒಂದನ್ನು ತೆಗೆಯಬಹುದು, ಎಂಟು ಸಣ್ಣ ಡಿಸ್ಕ್‌ಗಳ ಬದಲು ಎರಡು ದೊಡ್ಡವನ್ನು ಹಾಕಬಹುದು, ರಾತ್ರಿ ನಿಲ್ಲಿಸಬಹುದು.

ರಾಜ್ಯದಲ್ಲಿ 2023ರಲ್ಲಿ ಬಂದ ಗೃಹಜ್ಯೋತಿಯ ನೆಪ ಇಲ್ಲಿ ನಡೆಯದು. ಆ ಯೋಜನೆಯ ಮಿತಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಕಟ್ಟುಬಿದ್ದಿದೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ತೆರಬೇಕು. ಬಿಲ್ಲು ಸೊನ್ನೆಯಾದರೂ ನದಿಯ ಲೆಕ್ಕ ಸೊನ್ನೆಯಾಗುವುದಿಲ್ಲ. 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರದ ಹಿಂದೆ ಎಷ್ಟು ಊರುಗಳು ನೀರಿನಡಿ ಮಲಗಿವೆ ಎಂಬುದನ್ನು ಮಲೆನಾಡಿಗೆ ಯಾರೂ ಕಲಿಸಬೇಕಿಲ್ಲ.

ಡಿಸ್ಕ್ ಸಾಯುವ ಮುನ್ನ

ಡಿಸ್ಕಿನ ಖಾತರಿ ಮೂರರಿಂದ ಐದು ವರ್ಷ. ಉಳಿಸಬೇಕಾದ್ದು ಮುಕ್ಕಾಲು ಶತಮಾನದ ದಾಖಲೆ. ಆದ್ದರಿಂದ ಡಿಸ್ಕ್ ಸಾಯುವುದನ್ನು ಅಪಘಾತವೆಂದು ತಿಳಿಯದೆ ಬೇಸಾಯದ ವಾರ್ಷಿಕ ಕೆಲಸದಂತೆ ಎದುರುನೋಡಬೇಕು. ರೋಗ ಬಂದ ಮೆಣಸಿನ ಬಳ್ಳಿ ತೆಗೆದು ಹೊಸದು ನೆಡುವವರು ಅಡಿಕೆ ಮರ ಕಡಿಯುವುದಿಲ್ಲ.

ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ‘ಸ್ಮಾರ್ಟ್’ ಎಂದು ಹೆಸರು. ಉಚಿತ ತಂತ್ರಾಂಶದಿಂದ ಅದನ್ನು ತಿಂಗಳಿಗೊಮ್ಮೆ ಓದಬಹುದು. 5, 197 ಮತ್ತು 198ನೆಯ ಸಾಲುಗಳು ಕೆಟ್ಟ ಜಾಗಗಳನ್ನು ಎಣಿಸುತ್ತವೆ. ಅಲ್ಲಿನ ಸಂಖ್ಯೆ ಸೊನ್ನೆಯಿಂದ ಮೇಲೇರುತ್ತಿದ್ದರೆ ಬದಲಿ ಡಿಸ್ಕ್ ತರುವ ಕಾಲ ಬಂತೆಂದು ಅರ್ಥ. ತೆಗೆಯುವಾಗ ಮೈಮೇಲಿನ ಕ್ರಮಸಂಖ್ಯೆ ನೋಡಿಯೇ ತೆಗೆಯಬೇಕು. ಸತ್ತದ್ದರ ಬದಲು ಬದುಕಿದ್ದನ್ನು ಕಿತ್ತು ಎಲ್ಲವನ್ನೂ ಕಳೆದುಕೊಂಡವರು ಬಹಳ. ಹೊಸ ಡಿಸ್ಕಿನ ಅಳತೆ ಹಳೆಯದಕ್ಕಿಂತ ಕಡಿಮೆಯಿರಬಾರದು. ಎಂಟು ಟೆರಾಬೈಟಿನ ಡಿಸ್ಕ್ ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಮರುತುಂಬಲು ಸುಮಾರು 15 ಗಂಟೆ ಹಿಡಿಯುತ್ತದೆ. ಮಲೆನಾಡಿನ ಆಷಾಢದಲ್ಲಿ 15 ಗಂಟೆ ಎಡೆಬಿಡದೆ ವಿದ್ಯುತ್ತು ಇರುತ್ತದೆಂದು ನಂಬುವವರಿಲ್ಲ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು; ಸಾಧ್ಯವಾದರೆ ಮಳೆಗಾಲಕ್ಕೆ ಮುಂಚೆಯೇ ಮುಗಿಸಬೇಕು. ಸಿಡಿಲು ಗುಡುಗುವ ಮುನ್ನ ವಿದ್ಯುತ್ ತಂತಿಯನ್ನೂ ತಾಮ್ರದ ದೂರವಾಣಿ ತಂತಿಯನ್ನೂ ಕಳಚಬೇಕು. ಬಿಡಿ ಡಿಸ್ಕನ್ನು ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಬಿಗಿಯಾದ ಡಬ್ಬಿಯಲ್ಲಿ ಇಡಬೇಕು.

ಒಂದೇ ಯಂತ್ರದ ಎರಡು ಡಿಸ್ಕ್‌ಗಳಲ್ಲಿ ಒಂದೇ ದಾಖಲೆ ಬರೆದ ಮಾತ್ರಕ್ಕೆ ಅದು ಸುರಕ್ಷಿತವಲ್ಲ. ಒಂದು ಸಿಡಿಲು ಎರಡನ್ನೂ ಸುಡಬಲ್ಲದು. ಕೈತಪ್ಪಿ ಅಳಿಸಿದ್ದು ಎರಡರಿಂದಲೂ ಅಳಿಯುತ್ತದೆ. ಮೂರನೆಯ ಪ್ರತಿ ಬೇರೆ ಊರಿನ ನಂಬಿಕಸ್ಥರ ಮನೆಯಲ್ಲಿರಬೇಕು. ಬೀಜ ಕಾಯ್ದ ಹಿರಿಯರು ನೆಂಟರ ಮನೆಗೆ ಒಂದು ಪಾಲು ಕೊಟ್ಟಿರುತ್ತಿದ್ದುದು ಇದೇ ವಿವೇಕದಿಂದ.

ಕೇಳಬೇಕಾದ್ದು

ಸರ್ಕಾರಿ ಕಚೇರಿಗಳೂ ವಿಶ್ವವಿದ್ಯಾಲಯಗಳೂ ಹರಾಜಿಗೆ ಹಾಕುವ ಗಣಕಗಳ ಡಿಸ್ಕ್‌ಗಳನ್ನು ವಿಧಿಬದ್ಧವಾಗಿ ಅಳಿಸಿ, ಶಾಲೆಗಳಿಗೂ ಗ್ರಾಮ ಪಂಚಾಯತಿಗಳಿಗೂ ಮೊದಲು ಕೊಡಬೇಕು. ಪ್ರಮಾಣಪತ್ರದ ಲೆಕ್ಕದಲ್ಲಿ ಮರುಬಳಕೆಗೆ ಕರಗಿಸುವಿಕೆಗಿಂತ ಹೆಚ್ಚಿನ ಬೆಲೆ ಸಿಗಬೇಕು. ವಿರಳ ಧಾತುಗಳೂ ಅದರಲ್ಲಿ ಸೇರಬೇಕು. ಬದಲಿ ಭಾಗಕ್ಕೆ ಬೀಗ ಹಾಕುವುದನ್ನು ಕಾನೂನು ತಡೆಯಬೇಕು. ನಿಜವಾಗಿಯೂ ಸತ್ತ ಡಿಸ್ಕ್ ತೋಟದ ಗುಂಡಿಗೂ ಬೆಂಕಿಗೂ ಬೀಳದಂತೆ ಪ್ರತಿ ತಾಲ್ಲೂಕಿನಲ್ಲಿ ಅದನ್ನು ಪಡೆಯುವ ಜಾಗವೊಂದು ಇರಬೇಕು.

ಮೊದಲ ಬೇಡಿಕೆಗೆ ಹೊಸ ಕಾಯಿದೆಯೂ ಬೇಡ, ಹಣವೂ ಬೇಡ. ಒಂದು ಸುತ್ತೋಲೆ ಸಾಕು. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ನಿರ್ಣಯವಾಗಿ ಬರೆಸಿ ಜಿಲ್ಲಾ ಪಂಚಾಯತಿಗೆ ಕಳುಹಿಸುವ ಕೆಲಸವನ್ನು ಪ್ರತಿ ಊರಿನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಲಿ. ಆ ನಿರ್ಣಯದ ಪ್ರತಿಯನ್ನು ಎರಡು ಊರುಗಳಲ್ಲಿ ಇಡಲಿ.