ಬೆಳ್ಳಿಹಬ್ಬಕ್ಕೆ ಹಡಗು ಹತ್ತೋ ಮುಂಚೆ...

‘ಡಿಸೆಂಬರಿಗೆ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ. ಸಿಂಗಪುರಕ್ಕೆ ಹೋಗಿ ಯೂನಿವರ್ಸಲ್ ಸ್ಟುಡಿಯೋಸ್ ನೋಡೋಣ, ಅಲ್ಲಿಂದ ಹಡಗು ಹತ್ತೋಣ ಅಂತ ಇವರು ಹಟ ಹಿಡಿದಿದ್ದಾರೆ. ಇಬ್ಬರಿಗೆ ಮೂರು ಲಕ್ಷ ಅಂತ ಏಜೆಂಟ್ ಹೇಳಿದ್ದಾರಂತೆ. ಅದರಲ್ಲಿ ಒಂದೂವರೆ ಲಕ್ಷ ನನ್ನ ಚೀಟಿ ದುಡ್ಡು, ಉಳಿದದ್ದು ಇಎಂಐ. ನನಗೆ ಮಂಡಿನೋವು. ನೀರು ಕಂಡ್ರೆ ಭಯ ಬೇರೆ. ಮನೇಲಿ ಎಂಬತ್ತು ದಾಟಿದ ಅತ್ತೆ ಇದ್ದಾರೆ. ಬೇಡ ಅಂದ್ರೆ ಇವರ ಮುಖ ಸಣ್ಣದಾಗುತ್ತೆ. ಹೂಂ ಅನ್ನೋಕೆ ನನಗೆ ಧೈರ್ಯ ಬರ್ತಿಲ್ಲ. ಏನು ಮಾಡ್ಲಿ?’

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ ಇದು. ಹೆಸರು ಬೇಡ ಅಂದಿದ್ದಾರೆ. ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ನಿಮ್ಮ ಪಕ್ಕದ ಮನೆಯವರೋ, ನಾದಿನಿಯೋ ಈಗಾಗಲೇ ಹೋಗಿಬಂದು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಡಗಿನ ಮೇಲಿನ ಫೋಟೊ ಹಾಕಿರ್ತಾರೆ. ಅದನ್ನು ನೋಡಿದ ನಿಮ್ಮ ಯಜಮಾನರಿಗೂ ಒಂದು ಆಸೆ ಹುಟ್ಟಿರುತ್ತದೆ. ತಪ್ಪೇನಿಲ್ಲ ಬಿಡಿ. ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯಾದರೂ ಗಂಡ ತಾನಾಗಿಯೇ ‘ಎಲ್ಲಿಗಾದರೂ ಹೋಗೋಣ’ ಅಂದರೆ ಅದು ಸಣ್ಣ ವಿಷಯವೇನಲ್ಲ!

ಆದರೆ ಎಲ್ಲರೂ ಒಟ್ಟಿಗೇ ಸಿಂಗಪುರದ ಕಡೆ ಮುಖ ಮಾಡಿದ್ದೇಕೆ? ಅದರ ಹಿಂದೆ ಒಂದಿಷ್ಟು ಲೆಕ್ಕಾಚಾರ ಇದೆ.

ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆ ಹಾದಿ. ಸೆಂಟೋಸಾ ದ್ವೀಪದಲ್ಲಿ 2010ರಿಂದ ಯೂನಿವರ್ಸಲ್ ಸ್ಟುಡಿಯೋಸ್ ಇದೆ. ಮರೀನಾ ಬೇ ಹಡಗು ನಿಲ್ದಾಣ 2012ರಲ್ಲಿ ಶುರುವಾಯಿತು. ಅಲ್ಲಿಂದ ಹೊರಡುವ ಹಡಗುಗಳು ಮೂರು-ನಾಲ್ಕು ದಿನದಲ್ಲಿ ಮಲೇಷ್ಯಾದ ಪೆನಾಂಗೋ, ಪೋರ್ಟ್ ಕ್ಲಾಂಗೋ ತೋರಿಸಿ ವಾಪಸ್ ಕರೆತರುತ್ತವೆ. ಭಾರತೀಯರಿಗೆ ಮಲೇಷ್ಯಾ 2023ರ ಡಿಸೆಂಬರ್ 1ರಿಂದ ವೀಸಾ ಬೇಡ ಅಂತ ಬಾಗಿಲು ತೆಗೆದಿದೆ, 2026ರ ಕೊನೆಯವರೆಗೆ ಈ ಸೌಲಭ್ಯ ಇದೆ. ಪಾರ್ಕು, ಹಡಗು ಎರಡೂ ಒಂದೇ ಊರಿನಲ್ಲಿ ಸಿಗುವುದರಿಂದ ಏಜೆಂಟರಿಗೂ ಮಾರೋದು ಸುಲಭ.

ಈಗ ಡಿಸ್ನಿ ಕಂಪನಿಯೂ ಇದೇ ಊರನ್ನು ಹಿಡಿದಿದೆ. ಕೋವಿಡ್ ಹೊಡೆತಕ್ಕೆ ಗೆಂಟಿಂಗ್ ಹಾಂಗ್‌ಕಾಂಗ್ ಅನ್ನುವ ದೊಡ್ಡ ಹಡಗು ಕಂಪನಿ 2022ರಲ್ಲಿ ಮುಳುಗಿತು. ಅದು ಜರ್ಮನಿಯಲ್ಲಿ ಅರ್ಧ ಕಟ್ಟಿಸಿದ್ದ ಹಡಗನ್ನು ಡಿಸ್ನಿ ಕೊಂಡುಕೊಂಡು ‘ಡಿಸ್ನಿ ಅಡ್ವೆಂಚರ್’ ಅಂತ ಹೆಸರಿಟ್ಟಿತು. ಸುಮಾರು 6,700 ಜನ ಹಿಡಿಸುವ ಹಡಗು! ಇದರ ಮೂರು-ನಾಲ್ಕು ರಾತ್ರಿಯ ಪ್ರವಾಸದಲ್ಲಿ ಯಾವ ಊರಿನಲ್ಲೂ ಇಳಿಯುವ ಹಾಗಿಲ್ಲ. ಹಡಗೇ ಪಾರ್ಕು, ಪಾರ್ಕೇ ಹಡಗು.

ಇದರದ್ದೇ ಒಂದು ಪಾಠ ಇದೆ ಕೇಳಿ. ಈ ಹಡಗಿನ ಮೊದಲ ಯಾನ 2025ರ ಡಿಸೆಂಬರ್ 15ಕ್ಕೆ ಅಂತ ಟಿಕೆಟ್ ಮಾರಿದ್ದರು. ಆಮೇಲೆ ಹಡಗು ಸಿದ್ಧವಾಗುವುದು ತಡವಾಗುತ್ತದೆ ಅಂತ 2026ರ ಮಾರ್ಚ್ 10ಕ್ಕೆ ಮುಂದೂಡಿದರು. ಡಿಸೆಂಬರಿನಲ್ಲಿ ವಾರ್ಷಿಕೋತ್ಸವ ಇಟ್ಟುಕೊಂಡವರು ಏನು ಮಾಡಬೇಕು? ಹಡಗಿನವರು ದುಡ್ಡು ಹಿಂದಿರುಗಿಸಬಹುದು, ಬೇರೆ ತಾರೀಖು ಕೊಡಬಹುದು. ಆದರೆ ನೀವು ಪ್ರತ್ಯೇಕವಾಗಿ ಕಡಿಮೆ ಬೆಲೆಗೆ ಸಿಕ್ಕಿತು ಅಂತ ತೆಗೆದ ವಿಮಾನದ ಟಿಕೆಟ್? ಅದು ರದ್ದಾದರೆ ವಾಪಸ್ ಏನೂ ಬರೋದಿಲ್ಲ ಅನ್ನುವ ಷರತ್ತಿನದ್ದಾಗಿದ್ದರೆ ಹೋಯ್ತು ಅಂತಲೇ ಲೆಕ್ಕ. ಅದಕ್ಕೇ ಹೇಳೋದು, ಹಡಗಿನ ದಿನ ಖಚಿತವಾಗುವ ತನಕ ವಿಮಾನದ ಟಿಕೆಟ್‌ಗೆ ಕೈ ಹಾಕಬೇಡಿ.

ಮೂರು ಲಕ್ಷ ಅನ್ನೋದು ಮೂರು ಲಕ್ಷವಾ?

ಅಲ್ಲ. ಏಜೆಂಟ್ ಸುಳ್ಳು ಹೇಳ್ತಾರೆ ಅಂತಲ್ಲ, ಅರ್ಧ ಹೇಳ್ತಾರೆ. ದರಪಟ್ಟಿ ಬರೆಸಿಕೊಂಡು ಬನ್ನಿ ಅಂತ ಯಜಮಾನರಿಗೆ ಹೇಳಿ. ಬಾಯಿಮಾತು ಬೇಡ. ಆ ಪಟ್ಟಿ ಬಂದ ಮೇಲೆ ಇಬ್ಬರೂ ಕೂತು ನೋಡಿ.

ಜಿಎಸ್‌ಟಿ ಸೇರಿದೆಯಾ? ಹಡಗಿನಲ್ಲಿ ದಿನಕ್ಕೆ ಇಷ್ಟು ಅಂತ ಸೇವಾ ಟಿಪ್ಸ್ ಕಡ್ಡಾಯವಾಗಿ ಕಟ್ಟಿಸಿಕೊಳ್ಳುತ್ತಾರೆ, ಬಂದರಿನ ಶುಲ್ಕ ಬೇರೆ ಇರುತ್ತದೆ, ಇವು ಸೇರಿವೆಯಾ? ಕೋಣೆಗೆ ಕಿಟಕಿ ಇದೆಯಾ? ಅಗ್ಗದ ದರ ಅಂದ್ರೆ ಸಾಮಾನ್ಯವಾಗಿ ಹಡಗಿನ ಹೊಟ್ಟೆಯೊಳಗಿನ ಕೋಣೆ. ಸಮುದ್ರ ನೋಡಲು ಹೋಗಿ ಗೋಡೆ ನೋಡಿಕೊಂಡು ಮಲಗಬೇಕಾಗುತ್ತದೆ. ಯೂನಿವರ್ಸಲ್ ಟಿಕೆಟ್ ಅಂದ್ರೆ ಬರೀ ಪ್ರವೇಶ. ಸಾಲಿನಲ್ಲಿ ನಿಲ್ಲದೆ ಬೇಗ ಒಳಗೆ ಬಿಡುವ ಎಕ್ಸ್‌ಪ್ರೆಸ್ ಪಾಸ್‌ಗೆ ಬೇರೆ ದುಡ್ಡು. ಜೂನ್ ಮತ್ತು ಡಿಸೆಂಬರಿನಲ್ಲಿ ಸಿಂಗಪುರದ ಶಾಲೆಗಳಿಗೂ ರಜೆ, ಸಾಲು ಎಷ್ಟುದ್ದ ಇರುತ್ತದೆ ಅಂತ ನೀವೇ ಊಹಿಸಿ. ಡಿಸೆಂಬರ್ ಅಲ್ಲಿ ಮಳೆಗಾಲ ಕೂಡ. ಗುಡುಗು-ಮಿಂಚು ಬಂದರೆ ಹೊರಗಿನ ಆಟಗಳನ್ನು ನಿಲ್ಲಿಸಿಬಿಡುತ್ತಾರೆ.

ಇನ್ನೊಂದು, ದರದ ಒಂದು ಭಾಗವನ್ನು ಸಿಂಗಪುರ ಡಾಲರಿನಲ್ಲಿ ಬರೆದಿದ್ದರೆ, ಯಾವ ದಿನದ ವಿನಿಮಯ ದರ ಅಂತ ಕೇಳಲೇಬೇಕು. 2025ರ ಡಿಸೆಂಬರಿನಲ್ಲಿ ಅಮೆರಿಕದ ಡಾಲರ್ 90 ರೂಪಾಯಿ ದಾಟಿದ್ದನ್ನು ಸುದ್ದಿಯಲ್ಲಿ ಕೇಳಿರ್ತೀರಿ. ಅದು ಷೇರು ಪೇಟೆಯವರ ಸುದ್ದಿ ಅಂತ ಟಿವಿ ಚಾನೆಲ್ ಬದಲಿಸಿದ್ದಿರಬಹುದು. ಕೊನೆಯ ಕಂತು ಕಟ್ಟುವ ದಿನದ ದರ ಅಂತ ಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ ಇದ್ದರೆ ಅದು ನಿಮ್ಮದೇ ಸುದ್ದಿ.

ಹಡಗು ಹತ್ತಿದ ಮೇಲಿನ ಖರ್ಚು ಬೇರೆ. ಊಟ ದರದಲ್ಲೇ ಸೇರಿದ್ದರೂ ಕೆಲವು ಹೋಟೆಲ್‌ಗಳಿಗೆ, ಜ್ಯೂಸ್-ಪಾನೀಯಕ್ಕೆ, ಇಂಟರ್‌ನೆಟ್‌ಗೆ ದುಡ್ಡು ತೆಗೆದುಕೊಳ್ಳುತ್ತಾರೆ. ಮೊಬೈಲ್ ಅನ್ನು ಫ್ಲೈಟ್ ಮೋಡ್‌ಗೆ ಹಾಕದಿದ್ದರೆ ಸಮುದ್ರದ ಮಧ್ಯೆ ಉಪಗ್ರಹದ ನೆಟ್‌ವರ್ಕ್ ಹಿಡಿದು ಊರಿಗೆ ಬಂದ ಮೇಲೆ ಎದೆ ಒಡೆಯುವಂಥ ಬಿಲ್ ಬರುತ್ತದೆ. ಕ್ಯಾಸಿನೊ ಕೂಡ ಇರುತ್ತದೆ. ‘ಸುಮ್ನೆ ನೋಡ್ಕೊಂಡು ಬರ್ತೀನಿ’ ಅಂತ ಯಜಮಾನರು ಎದ್ದರೆ ನೀವೂ ಜೊತೆಗೇ ಎದ್ದುಬಿಡಿ!

ಪ್ಯಾನ್ ಕಾರ್ಡ್ ಯಾರದ್ದು?

ಇದೊಂದನ್ನು ಗಮನವಿಟ್ಟು ಓದಿ. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಏಜೆಂಟ್ ನಿಮ್ಮಿಂದ ಟಿಸಿಎಸ್ ಅಂತ ಒಂದು ತೆರಿಗೆ ಮೊದಲೇ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. 2020ರ ಅಕ್ಟೋಬರಿನಲ್ಲಿ ಶೇ 5ರಿಂದ ಶುರುವಾಯಿತು. 2023ರ ಅಕ್ಟೋಬರಿನಿಂದ ವರ್ಷಕ್ಕೆ 7 ಲಕ್ಷದವರೆಗೆ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 20 ಆಯಿತು. 2025ರ ಏಪ್ರಿಲ್‌ನಲ್ಲಿ ಆ ಮಿತಿಯನ್ನು 10 ಲಕ್ಷಕ್ಕೆ ಏರಿಸಿದರು. 2026ರ ಫೆಬ್ರುವರಿಯ ಬಜೆಟ್‌ನಲ್ಲಿ, ಮೊತ್ತ ಎಷ್ಟೇ ಇರಲಿ ಶೇ 2 ಅಂತ ಇಳಿಸುವುದಾಗಿ ಘೋಷಿಸಿದರು. ಮೂರು ಲಕ್ಷಕ್ಕೆ ಹಳೆಯ ದರದಲ್ಲಿ ಹದಿನೈದು ಸಾವಿರ, ಹೊಸ ದರದಲ್ಲಿ ಆರು ಸಾವಿರ. ಏಜೆಂಟ್ ಹಳೆಯ ಪಟ್ಟಿಯನ್ನೇ ಕೊಟ್ಟಿದ್ದಾರಾ ಅಂತ ನೋಡಿಕೊಳ್ಳಿ.

ಈ ದುಡ್ಡು ಕಳೆದುಹೋದದ್ದಲ್ಲ. ಯಾರ ಪ್ಯಾನ್ ಕೊಟ್ಟಿದ್ದೀರೋ ಅವರ ಆದಾಯ ತೆರಿಗೆ ಲೆಕ್ಕದಲ್ಲಿ ಜಮಾ ಆಗಿರುತ್ತದೆ. ಅವರು ರಿಟರ್ನ್ ಸಲ್ಲಿಸಿದರೆ ಕಟ್ಟಬೇಕಾದ ತೆರಿಗೆಗೆ ವಜಾ ಆಗುತ್ತದೆ, ತೆರಿಗೆಯೇ ಇಲ್ಲದಿದ್ದರೆ ವಾಪಸ್ ಬರುತ್ತದೆ. ಈಗ ಯೋಚಿಸಿ. ದುಡ್ಡು ನಿಮ್ಮ ಚೀಟಿಯದ್ದು, ಪ್ಯಾನ್ ಯಜಮಾನರದ್ದು, ವಾಪಸ್ ಬರೋದು ಅವರ ಖಾತೆಗೆ! ಹಾಗಂತ ಗಂಡ ಮೋಸ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ನಿಮ್ಮ ಪಾಲಿನ ಹಣವನ್ನು ನಿಮ್ಮ ಖಾತೆಯಿಂದಲೇ ಕಟ್ಟಿ, ನಿಮ್ಮ ಹೆಸರಿನಲ್ಲಿ ಪ್ರತ್ಯೇಕ ರಸೀದಿ ಪಡೆಯಿರಿ, ನಿಮ್ಮ ಪ್ಯಾನ್ ಕೊಡಿ. ನಿಮಗೆ ತೆರಿಗೆ ಬೀಳುವಷ್ಟು ಆದಾಯ ಇಲ್ಲದಿದ್ದರೂ ಆ ವರ್ಷ ಒಂದು ರಿಟರ್ನ್ ಹಾಕಿಸಿ. ನಾಳೆ ಪ್ರವಾಸದಲ್ಲಿ ಏನಾದರೂ ಎಡವಟ್ಟಾದರೆ ದೂರು ಕೊಡುವುದಕ್ಕೂ ನಿಮ್ಮ ಹೆಸರಿನ ರಸೀದಿಯೇ ಆಧಾರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಏಜೆಂಟ್ ಬೆಂಗಳೂರಿನವರಾದರೂ ಸರಿ. ಸಹಾಯವಾಣಿ ಸಂಖ್ಯೆ 1915.

ಕಾಕ್ಸ್ ಅಂಡ್ ಕಿಂಗ್ಸ್‌ನಂಥ ಹಳೆಯ ಪ್ರವಾಸ ಕಂಪನಿ 2019ರಲ್ಲಿ ದಿವಾಳಿ ಎದ್ದಿತು. ಅದೇ ವರ್ಷ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿತು, 2023ರಲ್ಲಿ ಗೋ ಫಸ್ಟ್. ದೊಡ್ಡ ಹೆಸರು ಅಂತ ಪೂರ್ತಿ ಹಣವನ್ನು ಆರು ತಿಂಗಳು ಮುಂಚೆಯೇ ಸುರಿಯಬೇಡಿ.

ಇಎಂಐ ವಿಷಯಕ್ಕೆ ನನ್ನದು ಒಂದೇ ಮಾತು, ಬೇಡ. ‘ಬಡ್ಡಿಯೇ ಇಲ್ಲ’ ಅಂತಾರಲ್ಲ, ಬಡ್ಡಿ ಇಲ್ಲದ ಸಾಲ ಎಲ್ಲಿದೆ ಹೇಳಿ? ರಿಸರ್ವ್ ಬ್ಯಾಂಕ್ 2013ರಲ್ಲೇ ಶೂನ್ಯ ಬಡ್ಡಿ ಅನ್ನುವುದನ್ನು ಒಪ್ಪಲಾಗದು ಅಂದಿತ್ತು. ದರದಲ್ಲೋ, ಸಂಸ್ಕರಣಾ ಶುಲ್ಕದಲ್ಲೋ ಎಲ್ಲೋ ಒಂದು ಕಡೆ ಅದು ಅಡಗಿ ಕೂತಿರುತ್ತದೆ. ಇಪ್ಪತ್ತಾರನೇ ವಾರ್ಷಿಕೋತ್ಸವ ಬಂದರೂ ಇಪ್ಪತ್ತೈದರ ಕಂತು ಕಟ್ಟುತ್ತಾ ಕೂರೋದು ಯಾರಿಗೆ ಬೇಕು?

ಮೊದಲು ಪಾರ್ಕು, ಆಮೇಲೆ ಹಡಗು

ಈಗ ಮಂಡಿನೋವು ಮತ್ತು ಭಯದ ವಿಷಯ. ಪತ್ರ ಬರೆದ ಅಕ್ಕನವರಿಗೆ ಹೇಳಬೇಕಾದ್ದು ಏನೆಂದರೆ, ನೀವು ಹೆದರುತ್ತಿರುವುದು ಹಡಗಿಗೆ, ಆದರೆ ನಿಮಗೆ ಕಷ್ಟ ಕೊಡೋದು ಪಾರ್ಕು!

ಸಿಂಗಪುರದ ಹಡಗುಗಳು ನೀವು ಮಲ್ಪೆಯಲ್ಲಿ ಹತ್ತಿದ ದೋಣಿಯಂಥವಲ್ಲ. ಅಲ್ಲಿಂದ ಓಡಾಡುವ ‘ಗೆಂಟಿಂಗ್ ಡ್ರೀಮ್’ ಹಡಗಿಗೆ 18 ಅಂತಸ್ತು, 335 ಮೀಟರ್ ಉದ್ದ. ಲಿಫ್ಟ್ ಇದೆ. ಮಲಕ್ಕಾ ಜಲಸಂಧಿ ಎರಡೂ ಕಡೆ ನೆಲ ಇರುವ ಜಾಗ, ಬಹುಮಟ್ಟಿಗೆ ಶಾಂತ. ತಲೆಸುತ್ತು ಬರುವವರು ಹಡಗಿನ ಮಧ್ಯಭಾಗದ, ಕೆಳ ಅಂತಸ್ತಿನ ಕೋಣೆ ಕೇಳಿ. ವಾಂತಿ ತಡೆಯುವ ಮಾತ್ರೆಯನ್ನು ನಿಮ್ಮ ಡಾಕ್ಟರನ್ನು ಕೇಳಿಯೇ ತಗೊಳ್ಳಿ, ಬಿಪಿ-ಶುಗರ್ ಇರುವವರಂತೂ ಕೇಳದೆ ತಗೊಳ್ಳಬೇಡಿ. ಶಾಕಾಹಾರಿ ಊಟ ಬೇಕೆಂದು ಬುಕಿಂಗ್ ಮಾಡುವಾಗಲೇ ಬರೆಸಿ.

ಪಾರ್ಕು ಹಾಗಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನಡಿಗೆ, ಸೆಕೆ, ನಿಲ್ಲುವುದು. ಹೃದಯದ ತೊಂದರೆ, ಬಿಪಿ, ಬೆನ್ನು-ಕುತ್ತಿಗೆ ನೋವು ಇದ್ದವರು ಜೋರಾಗಿ ತಿರುಗಿಸುವ ಆಟ ಹತ್ತಬಾರದು ಅಂತ ಬಾಗಿಲಲ್ಲೇ ಬೋರ್ಡ್ ಇರುತ್ತದೆ. ಐವತ್ತರ ಆಸುಪಾಸಿನ ದಂಪತಿ ಎಷ್ಟು ಆಟ ಆಡ್ತಾರೆ? ನಿಜ ಹೇಳಿ, ಬಿಡದಿಯ ವಂಡರ್‌ಲಾಗೆ ಮಕ್ಕಳ ಜೊತೆ ಹೋದಾಗ ನೀವು ಬ್ಯಾಗ್ ಕಾಯುತ್ತಾ ಕೂತಿದ್ದೇ ಹೆಚ್ಚಲ್ವಾ? ಹಾಗಾಗಿ ಪ್ಯಾಕೇಜಿನಲ್ಲಿ ಎರಡು-ಮೂರು ಪಾರ್ಕು ತುರುಕಿದ್ದರೆ ಒಂದನ್ನೇ ಉಳಿಸಿಕೊಂಡು ಉಳಿದದ್ದನ್ನು ತೆಗೆಸಿ. ಆ ಹಣವನ್ನು ಕಿಟಕಿ ಇರುವ ಕೋಣೆಗೆ ಹಾಕಿ.

ಕ್ರಮ ಕೂಡ ಮುಖ್ಯ. ಪಾರ್ಕು ಮೊದಲು, ಹಡಗು ಕೊನೆಗೆ. ಸುಸ್ತಾದ ಕಾಲಿಗೆ ಹಡಗಿನಲ್ಲಿ ವಿಶ್ರಾಂತಿ ಸಿಗುತ್ತದೆ ಅನ್ನೋದು ಒಂದು. ವಿಮಾನ ತಡವಾದರೆ ಹಡಗು ನಿಮಗಾಗಿ ಕಾಯೋದಿಲ್ಲ ಅನ್ನೋದು ಇನ್ನೊಂದು. ಸಿಂಗಪುರದಲ್ಲಿ ಎರಡು ದಿನ ಕಳೆದು ಹತ್ತಿದರೆ ಆ ಆತಂಕ ಇಲ್ಲ.

ಕಾಗದಪತ್ರದಲ್ಲಿ ಹೆಚ್ಚಿನವರು ಎಡವುವುದು ಒಂದು ಕಡೆ. ಸಿಂಗಪುರಕ್ಕೆ ನಮಗೆ ವೀಸಾ ಬೇಕು. ಹಡಗು ಹೊರಟಿತು ಅಂದ್ರೆ ನೀವು ಆ ದೇಶ ಬಿಟ್ಟ ಹಾಗೆ, ವಾಪಸ್ ಬಂದಾಗ ಎರಡನೇ ಸಲ ಪ್ರವೇಶ. ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಅನುಮತಿ ಇದೆಯಾ ಅಂತ ಕಣ್ಣಾರೆ ನೋಡಿ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳಾದರೂ ಅವಧಿ ಇರಬೇಕು. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕು ಅಂತೇನಿಲ್ಲ, ಆದರೆ ಪಾಸ್‌ಪೋರ್ಟಿನಲ್ಲಿ ತಂದೆ ಹೆಸರು, ಟಿಕೆಟ್‌ನಲ್ಲಿ ಗಂಡನ ಹೆಸರು ಅಂತ ಆಗಬಾರದು. ಮಲೇಷ್ಯಾದಲ್ಲಿ ಇಳಿಯುವುದಿದ್ದರೆ ಅಲ್ಲಿನ ಆನ್‌ಲೈನ್ ಆಗಮನ ಪತ್ರ ತುಂಬಬೇಕಾ ಅಂತ ಹಡಗಿನವರನ್ನೇ ಕೇಳಿ. ಪ್ರವಾಸ ವಿಮೆಯಲ್ಲಿ ಹಡಗಿನ ಮೇಲಿನ ಚಿಕಿತ್ಸೆ ಸೇರಿರಲಿ, ಹಡಗಿನ ಡಾಕ್ಟರ್ ಪುಕ್ಕಟೆಯಲ್ಲ. ಅಂದ ಹಾಗೆ, ಸಿಂಗಪುರಕ್ಕೆ ಗಸಗಸೆ ಒಯ್ಯಬೇಡಿ, ಮಾದಕ ವಸ್ತುವಿನ ಕಾನೂನು ಅಲ್ಲಿ ಬಲು ಬಿಗಿ. ಮಸಾಲೆ ಪುಡಿ ಕಟ್ಟಿಕೊಳ್ಳುವಾಗ ನೆನಪಿರಲಿ. ನಿದ್ದೆ ಮಾತ್ರೆ, ಕೆಲವು ಕೆಮ್ಮಿನ ಸಿರಪ್‌ಗಳಿಗೂ ಅನುಮತಿ ಬೇಕಾಗುತ್ತದೆ.

ಇಷ್ಟೆಲ್ಲಾ ಓದಿ ‘ಅಯ್ಯೋ ಬೇಡಪ್ಪಾ’ ಅನಿಸಿತಾ? ಹಾಗಾದರೆ ಹತ್ತಿರದ್ದೂ ಇದೆ. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಶುರುವಾದ ಕಾರ್ಡೇಲಿಯಾ ಹಡಗು ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆ ಯಾನ ಮಾಡಿದೆ. ದೇಶದೊಳಗಿನ ಯಾನಕ್ಕೆ ವೀಸಾ ಇಲ್ಲ, ವಿದೇಶ ಪ್ಯಾಕೇಜಿನ ಟಿಸಿಎಸ್ ಇಲ್ಲ. ಆಟವೂ ಬೇಕೇ ಬೇಕು ಅಂದ್ರೆ ಮುಂಬೈ-ಪುಣೆ ದಾರಿಯಲ್ಲಿ ಖೋಪೋಲಿ ಹತ್ತಿರ ಇಮ್ಯಾಜಿಕಾ ಇದೆ. ಸಿಂಗಪುರದ ಥಳುಕು ಇರಲ್ಲ, ಹಡಗೂ ಹಳೆಯದು, 1990ರದ್ದು. ಮಳೆಗಾಲದಲ್ಲಿ ಮಾತ್ರ ಅರಬ್ಬೀ ಸಮುದ್ರ ಬೇಡ.

ಅಕ್ಕನವರೇ, ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ ಸಾಲು ಹಡಗಿನದ್ದಲ್ಲ. ಚೀಟಿ ದುಡ್ಡನ್ನು ಹಾಕೋದು ಅಂತ ಅವರೇ ತೀರ್ಮಾನಿಸಿದ್ದಾರೆ, ನಿಮ್ಮನ್ನು ಕೇಳಿದ ಹಾಗೆ ಕಾಣಲಿಲ್ಲ. ಆ ಹಣವನ್ನು ಮಂಡಿಯ ಚಿಕಿತ್ಸೆಗೆ ಅಂತ ಎತ್ತಿಟ್ಟಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ‘ಬೇಡ’ ಅನ್ನಬೇಡಿ. ‘ಹೋಗೋಣ ಕಣ್ರೀ, ಆದ್ರೆ ಈ ದುಡ್ಡಿನಲ್ಲಿ ಇಷ್ಟು ಮಾತ್ರ ಕೊಡ್ತೀನಿ, ಉಳಿದದ್ದು ಕೂಡಿಟ್ಟುಕೊಂಡು ಹೋಗೋಣ’ ಅನ್ನಿ. ಡಿಸೆಂಬರಿನ ತಾರೀಖೇ ಆಗಬೇಕು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಫೆಬ್ರುವರಿಗೆ ಹೋದರೆ ಮಳೆಯೂ ಕಡಿಮೆ, ರಜೆಯ ನೂಕುನುಗ್ಗಲೂ ಇರೋದಿಲ್ಲ, ದುಡ್ಡು ಸೇರಿಸೋಕೆ ಎರಡು ತಿಂಗಳು ಹೆಚ್ಚು ಸಿಗುತ್ತದೆ.

ಅತ್ತೆಯವರ ವಿಷಯವನ್ನು ನೀವೊಬ್ಬರೇ ತಲೆ ಮೇಲೆ ಹೊತ್ತುಕೊಳ್ಳಬೇಡಿ. ಆರು ದಿನ ಅವರನ್ನು ಯಾರು ನೋಡಿಕೊಳ್ಳಬೇಕು ಅಂತ ನಿಮ್ಮ ಯಜಮಾನರೇ ಅವರ ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ ಫೋನ್ ಮಾಡಿ ಮಾತಾಡಲಿ. ಟಿಕೆಟ್ ಬುಕ್ ಮಾಡುವ ಮುಂಚೆಯೇ ಮಾಡಲಿ. ಬರುವ ಭಾನುವಾರ ದರಪಟ್ಟಿ ಮುಂದಿಟ್ಟುಕೊಂಡು ಕೂತಾಗ ಮೊದಲು ಈ ಮಾತನ್ನೇ ಎತ್ತಿ, ಜಿಎಸ್‌ಟಿ ಆಮೇಲೆ ನೋಡಿದರಾಯ್ತು.